ಅಡುಗೆಮನೆಗೆ ಗ್ಯಾಸ್ ಬಂತು, ಬಚ್ಚಲ ಒಲೆ ಹಾಗೇ ಇದೆ

ಗಾಳಿಯ ವಿಷಯದಲ್ಲಿ ಉತ್ತರ ಕನ್ನಡದವರಿಗೆ ಸ್ವಲ್ಪ ಜಂಬ ಇದೆ. ಬೆಂಗಳೂರಿನ ನೆಂಟರು ಕಾರಿನಿಂದ ಇಳಿದವರೇ ಉದ್ದಕ್ಕೆ ಉಸಿರೆಳೆದು, 'ಏನ್ ಗಾಳಿ ರೀ ನಿಮ್ಮೂರಲ್ಲಿ' ಅನ್ನುತ್ತಾರೆ. ನಾವು ಖುಷಿಯಿಂದ ತಲೆಯಾಡಿಸುತ್ತೇವೆ. ಜಂಬಕ್ಕೆ ಕಾರಣವೂ ಇದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಕಾಡು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿದು ಧೂಳನ್ನೆಲ್ಲ ತೊಳೆದು ಹಾಕುತ್ತದೆ. ಇಷ್ಟಾದರೂ ಕಾರವಾರ, ಕುಮಟಾ, ಶಿರಸಿ ಎಲ್ಲೇ ಆಗಲಿ, ಮಳೆಗಾಲದಲ್ಲಿ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಕೆಮ್ಮು, ಕಫ, ಉಬ್ಬಸದವರು ಇದ್ದೇ ಇರುತ್ತಾರೆ. ಅವರಲ್ಲಿ ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ವಯಸ್ಸಾದ ಹೆಂಗಸರೂ ಇರುತ್ತಾರೆ. ಇವರಿಗೆ ಯಾಕೆ ದಮ್ಮು ಬಂತು?

ಹೊಗೆ, ಧೂಳು ಅಂದ ಕೂಡಲೇ ನಮ್ಮ ಕಣ್ಣು ಹೊರಗೆ ಹೋಗುತ್ತದೆ. ಅದಿರಿನ ಕಾಲ ನೆನಪಿದೆಯಲ್ವಾ? ಬಳ್ಳಾರಿ ಕಡೆಯಿಂದ ಲಾರಿಗಳು ಸಾಲುಸಾಲಾಗಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಬರುತ್ತಿದ್ದವು. ರಸ್ತೆ ಪಕ್ಕದ ಮರದ ಎಲೆಯೂ ಕೆಂಪಾಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಲಾರಿಗಳೂ ನಿಂತವು. ಆ ಧೂಳು ಕಣ್ಣಿಗೆ ಕಾಣುತ್ತಿತ್ತು, ಅದರ ಹಿಂದೆ ಬೈಯಲಿಕ್ಕೆ ಒಬ್ಬ ಧಣಿ ಇದ್ದ, ಹಾಗಾಗಿ ಗಲಾಟೆಯೂ ಆಯಿತು. ಕೈಗಾ ಅಣು ವಿದ್ಯುತ್ ಸ್ಥಾವರದ ಬಗ್ಗೆ ಆದ ಚರ್ಚೆಗೂ, ಹೆದ್ದಾರಿ ಅಗಲ ಮಾಡುವಾಗಿನ ಧೂಳಿನ ಬಗ್ಗೆ ಆದ ತಕರಾರಿಗೂ ಇದೇ ಕಾರಣ. ಮನೆಯೊಳಗಿನ ಹೊಗೆಗೆ ಧಣಿ ಇಲ್ಲ. ಅದರ ಬಗ್ಗೆ ಮನವಿ ಕೊಡಲು ಯಾರೂ ತಹಶೀಲ್ದಾರ್ ಕಚೇರಿಗೆ ಹೋಗುವುದಿಲ್ಲ.

ನಾನು ಹೇಳುತ್ತಿರುವುದು ಮುಖ್ಯವಾಗಿ ಬಚ್ಚಲ ಒಲೆಯ ಬಗ್ಗೆ. ಅಡುಗೆಮನೆಗೆ ಗ್ಯಾಸ್ ಬಂದು ಬಹಳ ಕಾಲ ಆಯಿತು. ಇಲ್ಲದ ಬಡ ಮನೆಗಳಿಗೂ 2016ರ ಮೇ 1ರಂದು ಶುರುವಾದ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಮುಟ್ಟಿತು. ಆದರೆ ಸ್ನಾನದ ನೀರಿಗೆ ಗ್ಯಾಸ್ ಉರಿಸುವುದು ಯಾರಿಗೂ ಮನಸ್ಸಿಗೆ ಬರುವುದಿಲ್ಲ. ಹಿತ್ತಲಲ್ಲಿ ತೆಂಗಿನ ಸಿಪ್ಪೆ, ಸೋಗೆ, ಹೆಡೆ ಬಿದ್ದಿರುವಾಗ ದುಡ್ಡು ಕೊಟ್ಟು ನೀರು ಕಾಯಿಸುವುದೇ? ಹಾಗಾಗಿ ಹಂಡೆ ಉಳಿದಿದೆ, ಹಂಡೆಯ ಕೆಳಗೆ ಒಲೆಯೂ ಉಳಿದಿದೆ.

ಮಳೆಗಾಲದಲ್ಲಿ ಈ ಒಲೆಗೆ ಬಿಡುವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿಗೆ ಎಷ್ಟು ಜೋಪಾನ ಮಾಡಿದರೂ ತಂಡಿ ಹಿಡಿಯುತ್ತದೆ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಬಟ್ಟೆ ಒಣಗುವುದಿಲ್ಲ ಅಂತ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇವೆ, ಅದಕ್ಕಾಗಿ ಬೆಂಕಿಯನ್ನು ದಿನವಿಡೀ ಆರಲು ಬಿಡುವುದಿಲ್ಲ. ಇರುಚಲು ಬರುತ್ತದೆ ಅಂತ ಕಿಟಕಿಯನ್ನೂ ಮುಚ್ಚುತ್ತೇವೆ. ಊದುಕೊಳವೆ ಹಿಡಿದು ಒಲೆಯ ಬಾಯಿಗೆ ಮುಖ ಕೊಟ್ಟು ಕೂರುವವರು ಹೆಚ್ಚಾಗಿ ಅತ್ತೆ ಅಥವಾ ಸೊಸೆ. ಮನೆಯಲ್ಲಿ ಬಾಣಂತಿ ಇದ್ದರಂತೂ ಹಂಡೆ ನೀರು, ಕೆಂಡ, ಸಾಂಬ್ರಾಣಿ ಹೊಗೆ ಎಲ್ಲ ಒಟ್ಟಿಗೆ. ತಿಂಗಳು ತುಂಬದ ಮಗುವನ್ನೂ ಆ ಹೊಗೆಯ ಮೇಲೆ ಹಿಡಿಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊಸ ಮಿತಿ ಹಾಕಿದೆ. ಪಿಎಂ 2.5 ಅನ್ನುವ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಿತಿ 60. ಕಟ್ಟಿಗೆ ಒಲೆ ಉರಿಯುವ ಮುಚ್ಚಿದ ಕೋಣೆಯಲ್ಲಿ ಇದು ನೂರಾರು ಮೈಕ್ರೋಗ್ರಾಂ ಇರುವುದು ಮಾಮೂಲಿ, ಸಾವಿರ ದಾಟುವುದೂ ಉಂಟು. ದೆಹಲಿಯ ನವೆಂಬರ್ ಗಾಳಿಯ ಸುದ್ದಿಯನ್ನು ಟಿವಿಯಲ್ಲಿ ನೋಡಿ ಅಯ್ಯೋ ಪಾಪ ಅನ್ನುವ ನಮ್ಮ ಮನೆಯ ಬಚ್ಚಲಲ್ಲಿ, ಬೆಳಿಗ್ಗೆ ಆರರಿಂದ ಎಂಟರವರೆಗೆ ಅದೇ ಗಾಳಿ ಇರಬಹುದು.

ಸರ್ಕಾರದ ಲೆಕ್ಕಕ್ಕೆ ಈ ಹೊಗೆ ಸಿಗುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹತ್ತಿರ ಹತ್ತಿರ ಶೇ. 80 ಮನೆಗಳು ಸ್ವಚ್ಛ ಇಂಧನ ಬಳಸುತ್ತವೆ. ಒಳ್ಳೆಯ ಸುದ್ದಿಯೇ. ಆದರೆ ಆ ಅಂಕಿ ಹುಟ್ಟುವುದು ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತೀರಿ ಅನ್ನುವ ಪ್ರಶ್ನೆಯಿಂದ. 'ಗ್ಯಾಸ್' ಅಂದರೆ ಮುಗಿಯಿತು, ಆ ಮನೆ ಸ್ವಚ್ಛ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಬಗ್ಗೆ ತುಂಬುವ ಆರೋಗ್ಯ ತಪಾಸಣೆ ಫಾರಂ ಕೂಡ ಹೀಗೆಯೇ. ಅದರಲ್ಲಿ ಶ್ವಾಸಕೋಶದ ತೊಂದರೆ ಹುಡುಕಲು ಅಂತಲೇ ಒಂದು ಭಾಗ ಇದೆ. ಅಡುಗೆಗೆ ಕಟ್ಟಿಗೆಯೋ, ಸಗಣಿ ಬೆರಣಿಯೋ, ಸೀಮೆಎಣ್ಣೆಯೋ, ಗ್ಯಾಸೋ ಅಂತ ಕೇಳುತ್ತಾರೆ. ಕಸ, ಎಲೆ ಸುಡುತ್ತೀರಾ ಅಂತಲೂ ಕೇಳುತ್ತಾರೆ. ಸ್ನಾನದ ನೀರು ಯಾವುದರಲ್ಲಿ ಕಾಯಿಸುತ್ತೀರಿ ಅನ್ನುವ ಪ್ರಶ್ನೆ ಮಾತ್ರ ಇಲ್ಲ. ಬಯಲುಸೀಮೆಯ ಒಣ ಊರಿಗೂ ಘಟ್ಟದ ಊರಿಗೂ ಒಂದೇ ಫಾರಂ ಮಾಡಿದರೆ ಹೀಗಾಗುತ್ತದೆ. ಜಿಲ್ಲೆಯ ಮಟ್ಟದಲ್ಲಿ ಒಂದು ಸಾಲು ಸೇರಿಸಲು ದೊಡ್ಡ ಖರ್ಚೇನೂ ಇಲ್ಲ.

ಡಾಕ್ಟರರೂ ಇದೇ ತಪ್ಪು ಮಾಡುತ್ತಾರೆ ಅನ್ನಿಸುತ್ತದೆ. 'ಬೀಡಿ ಸೇದ್ತೀರಾ?' ಅಂತ ಗಂಡಸರನ್ನು ಕೇಳುತ್ತಾರೆ. ಹೆಂಗಸರನ್ನು ಏನೂ ಕೇಳುವುದಿಲ್ಲ.

ಸಿಒಪಿಡಿ ಅಂದರೆ ಶ್ವಾಸನಾಳಗಳು ನಿಧಾನವಾಗಿ ಕಿರಿದಾಗುತ್ತಾ, ಒಳಗಿನ ಗಾಳಿಚೀಲಗಳು ಹಾಳಾಗುತ್ತಾ ಹೋಗುವ ಕಾಯಿಲೆ. ಇದನ್ನು ಸಿಗರೇಟಿನ ಕಾಯಿಲೆ ಅಂತಲೇ ಪಾಠ ಹೇಳುತ್ತಿದ್ದ ಕಾಲ ಇತ್ತು. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಸಂಶೋಧಕರೊಬ್ಬರು ಲಂಡನ್ನಿನ ಸಹೋದ್ಯೋಗಿಯ ಜೊತೆ ಬರೆದ ಲೇಖನ ಬಂತು. ಜಗತ್ತಿನ ಸಿಒಪಿಡಿ ರೋಗಿಗಳಲ್ಲಿ ಶೇ. 25ರಿಂದ 45ರಷ್ಟು ಜನ ಯಾವತ್ತೂ ಸೇದಿದವರೇ ಅಲ್ಲ ಅಂತ ಅದು ಹೇಳಿತು. ಇವರಿಗೆ ಕಾಯಿಲೆ ತಂದದ್ದರಲ್ಲಿ ಒಲೆಯ ಹೊಗೆಯ ಪಾಲು ದೊಡ್ಡದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಈ ಕಾಯಿಲೆಯಿಂದ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಇದು ಮೋಸದ ಕಾಯಿಲೆ. ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಶ್ವಾಸಕೋಶದ ಶಕ್ತಿ ತುದಿ ಮುಟ್ಟುತ್ತದೆ. ಆಮೇಲೆ ಆರೋಗ್ಯವಾಗಿರುವವರಿಗೂ ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ವರ್ಷಕ್ಕೆ 20–30 ಮಿ.ಲೀ.ನಂತೆ ಇಳಿಯುತ್ತದೆ. ಹೊಗೆ ಕುಡಿದವರಿಗೆ ಇಳಿತದ ವೇಗ ಜಾಸ್ತಿ, ಕೆಲವರಿಗೆ ಎರಡರಷ್ಟು. ಶ್ವಾಸಕೋಶದಲ್ಲಿ ಉಳಿತಾಯ ಬೇಕಾದಷ್ಟು ಇರುವುದರಿಂದ ಮೊದಲ ಹತ್ತಿಪ್ಪತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಜನ ತಮ್ಮ ದಿನಚರಿಯನ್ನೇ ಬದಲಾಯಿಸಿಕೊಂಡಿರುತ್ತಾರೆ. ತೋಟಕ್ಕೆ ಇಳಿಯುತ್ತಾರೆ, ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತಾರೆ. ಬಾವಿಯಿಂದ ನೀರು ಸೇದುವ ಕೆಲಸ ಸೊಸೆಗೆ ಹೋಗುತ್ತದೆ. ಊರ ತೇರಿಗೆ ಹೋಗುವುದು ನಿಲ್ಲುತ್ತದೆ. ಕೇಳಿದರೆ 'ವಯಸ್ಸಾಯ್ತಲ್ಲ' ಅನ್ನುತ್ತಾರೆ. ನಿಮ್ಮದೇ ವಯಸ್ಸಿನವರ ಜೊತೆ ಸಪಾಟು ರಸ್ತೆಯಲ್ಲಿ ನಡೆಯುವಾಗ ನೀವೊಬ್ಬರೇ ಹಿಂದೆ ಬೀಳುತ್ತಿದ್ದರೆ ಅದಕ್ಕೆ ವಯಸ್ಸು ಕಾರಣ ಅಲ್ಲ, ತಪಾಸಣೆ ಮಾಡಿಸಿಕೊಳ್ಳಬೇಕು.

ಒಲೆ ಹೊಗೆಯ ಸಿಒಪಿಡಿಗೆ ಒಂದು ಗುಣ ಇದೆ. ಸಿಗರೇಟಿನವರಿಗೆ ಗಾಳಿಚೀಲ ಹರಿದುಹೋಗುವುದು ಹೆಚ್ಚು. ಒಲೆಯವರಿಗೆ ಸಣ್ಣ ಶ್ವಾಸನಾಳಗಳು ದಪ್ಪಗಟ್ಟಿ ಕಫ, ಕೆಮ್ಮು ಹೆಚ್ಚು. ಎಕ್ಸರೇಯಲ್ಲಿ ಅಷ್ಟಾಗಿ ಏನೂ ಕಾಣದೇ ಇರಬಹುದು. ಹಾಗಾಗಿ 'ಎಕ್ಸರೇ ಕ್ಲಿಯರ್ ಇದೆ' ಅಂದರೆ ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗುವಂತಿಲ್ಲ.

ಅಸ್ತಮಾ ಬೇರೆ. ಅದು ಬರುತ್ತದೆ, ಹೋಗುತ್ತದೆ, ಔಷಧ ಕೊಟ್ಟರೆ ಶ್ವಾಸನಾಳ ಮತ್ತೆ ಬಿಚ್ಚಿಕೊಳ್ಳುತ್ತದೆ. ಮಕ್ಕಳಲ್ಲೂ ಬರುತ್ತದೆ. ನಮ್ಮ ಕರಾವಳಿಯ ತೇವ ಇದಕ್ಕೆ ಒಳ್ಳೆಯ ನೆಲ. ಹಾಸಿಗೆ, ದಿಂಬು, ಕಂಬಳಿಯಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳುಹುಳಗಳಿಗೆ ತೇವ ಬೇಕೇ ಬೇಕು, ಇಲ್ಲಿ ಅದು ವರ್ಷವಿಡೀ ಸಿಗುತ್ತದೆ. ಗೋಡೆಗೆ ಹಿಡಿಯುವ ಬೂಷ್ಟು ಬೇರೆ. ಇದರ ಜೊತೆ ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಕಣಗಳು ಹೊರಬರುತ್ತವೆ ಅಂತ 2003ರ ಒಂದು ಅಧ್ಯಯನ ಅಳೆದು ತೋರಿಸಿದೆ. ಸೊಳ್ಳೆ ಪರದೆ ಇದ್ದ ಕಾಲದಲ್ಲಿ ನಾವು ಜಾಣರಾಗಿದ್ದೆವು.

ಇನ್ನು ಘಟ್ಟದ ಮೇಲಿನ ಕಥೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾದರೆ ಹೊಗೆಯ ಇನ್ನೊಂದು ಸುತ್ತು. ಕೆಂಪಡಿಕೆ ಮಾಡುವವರು ಹಸಿ ಅಡಿಕೆ ಸುಲಿದು ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿ ದೊಡ್ಡ ಹಂಡೆಯಲ್ಲಿ ಬೇಯಿಸಬೇಕು. ಒಲೆ ರಾತ್ರಿಯವರೆಗೂ ಉರಿಯುತ್ತದೆ. ಅಡಿಕೆಯನ್ನು ಬೇಯಿಸದೆ ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡುವವರಿಗೆ ಒಲೆ ಇಲ್ಲ, ಆದರೆ ಒಣಗಿದ ಅಡಿಕೆ ಸುಲಿಯುವಾಗ ಏಳುವ ಧೂಳು ಇದೆ. ಅಡಿಕೆ ಒಣಗಿಸುವಾಗ ಅಕಾಲದಲ್ಲಿ ಮಳೆ ಬಂದು ಸಿಪ್ಪೆಗೆ ಬೂಷ್ಟು ಹಿಡಿದಿದ್ದರೆ ಆ ಧೂಳಿನಲ್ಲಿ ಬರೀ ನಾರಲ್ಲ, ಶಿಲೀಂಧ್ರದ ಬೀಜಕಣಗಳೂ ಇರುತ್ತವೆ. ಯಂತ್ರದಲ್ಲಿ ಸುಲಿದರೆ ಧೂಳು ಇನ್ನೂ ಜಾಸ್ತಿ. ಎಲ್ಲ ಮುಗಿದ ಮೇಲೆ ಸಿಪ್ಪೆಯ ರಾಶಿಗೆ ಬೆಂಕಿ ಕೊಡುತ್ತೇವೆ, ಅದು ಉರಿಯದೆ, ಆರದೆ ದಿನಗಟ್ಟಲೆ ಹೊಗೆಯಾಡುತ್ತದೆ. ನಡುವೆ ಆಲೆಮನೆ. ನೊರೆಬೆಲ್ಲಕ್ಕೆ ಹೋದ ನಮಗೆ ಒಂದು ಸಂಜೆಯ ಹೊಗೆ, ಕೊಪ್ಪರಿಗೆ ಕೆಳಗೆ ಬೆಂಕಿ ಹಾಕುವವನಿಗೆ ಇಡೀ ಹಂಗಾಮು.

ಬೂಷ್ಟಿನ ಧೂಳಿಗೆ ಸಂಬಂಧಪಟ್ಟ ಒಂದು ಕಾಯಿಲೆಯನ್ನು ಇಲ್ಲಿ ಹೇಳಲೇಬೇಕು. ಬೂಷ್ಟು ಹಿಡಿದ ಹುಲ್ಲು, ಹಕ್ಕಿಯ ಹಿಕ್ಕೆ, ಇಂಥವುಗಳ ಕಣಗಳಿಗೆ ಕೆಲವರ ಶ್ವಾಸಕೋಶ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಮೊದಲು ಕೆಲಸ ಮಾಡಿದ ಸಂಜೆ ಜ್ವರ, ಕೆಮ್ಮು, ಮೈಕೈ ನೋವು. ಎರಡು ದಿನಕ್ಕೆ ಇಳಿಯುತ್ತದೆ, 'ಶೀತ ಆಗಿತ್ತು' ಅಂದುಕೊಳ್ಳುತ್ತಾರೆ. ಹೀಗೇ ವರ್ಷಗಟ್ಟಲೆ ಆದರೆ ಶ್ವಾಸಕೋಶ ಕಲೆಗಟ್ಟಿ ಬಿಗಿಯುತ್ತದೆ, ಅದು ಮತ್ತೆ ಮೊದಲಿನಂತಾಗುವುದಿಲ್ಲ. ಶ್ವಾಸಕೋಶ ಕಲೆಗಟ್ಟುವ ಇಂಥ ಕಾಯಿಲೆಗಳ 1,084 ಭಾರತೀಯ ರೋಗಿಗಳನ್ನು ನೋಡಿದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದೇ ಜಾತಿಯ ಕಾಯಿಲೆ ಇತ್ತು, ಅನುಮಾನ ಹೋದದ್ದು ಸದಾ ಒದ್ದೆಯಾಗಿರುವ ಏರ್ ಕೂಲರ್‌ಗಳ ಮೇಲೆ. ನಮ್ಮಲ್ಲಿ ಏರ್ ಕೂಲರ್ ಯಾರಿಗೂ ಬೇಡ. ಆದರೆ ಸಿಪ್ಪೆಯ ರಾಶಿ, ಒದ್ದೆ ಗೋಡೆ, ಕೊಟ್ಟಿಗೆಯ ದರಕು, ಬೈಹುಲ್ಲು ಎಲ್ಲ ಇವೆ. ಸುಲಿಯುವವರ ಶ್ವಾಸಕೋಶವನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಬೇಕು ಅನ್ನುವುದು ನನ್ನ ಒತ್ತಾಯ. ಮೂಗಿಗೆ ಕಟ್ಟುವ ಬೈರಾಸು ದೊಡ್ಡ ಧೂಳನ್ನು ತಡೆಯುತ್ತದೆ ಅಷ್ಟೇ. ಎನ್-95 ಮಾಸ್ಕ್ ಆದರೆ ಸಣ್ಣ ಕಣವನ್ನೂ ತಡೆಯುತ್ತದೆ.

ಕೆಮ್ಮೆಲ್ಲ ಹೊಗೆಯದೇ ಅಂದುಕೊಂಡು ಕೂರುವುದೂ ಅಪಾಯ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಜಗತ್ತಿನ ಟಿಬಿ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆ ಕೊಡುವ ಹಣವನ್ನೂ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಿದ್ದಾರೆ. ಟಿಬಿಯ ವೇಷ ಹಾಕಿ ಬರುವ ಇನ್ನೊಂದು ಕಾಯಿಲೆ ಕರಾವಳಿಯಲ್ಲಿದೆ, ಮೆಲಿಯಾಯ್ಡೋಸಿಸ್. ಮಣ್ಣು ಮತ್ತು ಕೆಸರು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆ ಇರುವವರನ್ನು ಹುಡುಕಿ ಹಿಡಿಯುತ್ತದೆ. ಮಣಿಪಾಲದ ವೈದ್ಯರು ಇದರ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದಾರೆ. ಟಿಬಿ ಮಾತ್ರೆಗೆ ಇದು ಬಗ್ಗುವುದಿಲ್ಲ, ಬೇರೆಯೇ ಆ್ಯಂಟಿಬಯಾಟಿಕ್ ಬೇಕು. ಗದ್ದೆ ನೆಟ್ಟಿ ಮಾಡಿದ, ಶುಗರ್ ಇರುವ ವ್ಯಕ್ತಿಗೆ ಜ್ವರ, ಕೆಮ್ಮು ಬಿಡದೆ ಹಿಡಿದರೆ ಡಾಕ್ಟರರಿಗೆ ಗದ್ದೆಯ ವಿಷಯವನ್ನೂ ಹೇಳಿ.

ಔಷಧದ ವಿಷಯಕ್ಕೆ ಬಂದರೆ ನಮ್ಮ ದೊಡ್ಡ ಶತ್ರು ಪಂಪಿನ, ಅಂದರೆ ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರಿನ ಭಯ. 'ಪಂಪ್ ಶುರು ಮಾಡಿದ್ರೆ ಬಿಡ್ಲಿಕ್ಕಾಗ್ತಿಲ್ಲೆ, ಮಾತ್ರೆ ಕೊಡಿ' ಅನ್ನುತ್ತಾರೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 40 ಪಟ್ಟು ಇದೆ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ, ಕೈ ನಡುಕ, ಎದೆಬಡಿತ ಬರುವುದು ಅದಕ್ಕೇ. ಪಂಪ್ ನೇರ ಎದೆಯೊಳಗೆ ಕೊಡುತ್ತದೆ. ಆದರೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡರೂ ಆಗುವುದಿಲ್ಲ. ಅದು ಬಿಗಿದ ನಾಳವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. 2019ರಿಂದ ಅಸ್ತಮಾದ ಜಾಗತಿಕ ಮಾರ್ಗಸೂಚಿಯೇ ಅದನ್ನು ಒಂಟಿಯಾಗಿ ಕೊಡಬೇಡಿ, ಊತ ಇಳಿಸುವ ಸ್ಟಿರಾಯ್ಡ್ ಪಂಪ್ ಜೊತೆಗಿರಲಿ ಅನ್ನುತ್ತಿದೆ. ಅದೇ ವರ್ಷದ ಜಾಗತಿಕ ಲೆಕ್ಕದಲ್ಲಿ ಅಸ್ತಮಾದ ಹೊರೆಯಲ್ಲಿ ಭಾರತದ ಪಾಲು ಶೇ. 13, ಸಾವುಗಳಲ್ಲಿ ಶೇ. 40ಕ್ಕೂ ಜಾಸ್ತಿ. ಔಷಧ ಇದ್ದೂ ಸರಿಯಾಗಿ ತಗೊಳ್ಳದೆ ಜನ ಸಾಯುತ್ತಿದ್ದಾರೆ ಅಂತಲ್ಲದೆ ಇದಕ್ಕೆ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನು ನುಂಗುವವರಿಗೆ ನನ್ನ ತಕರಾರಿಲ್ಲ, ಆದರೆ ಪಂಪು ಕಿಸೆಯಲ್ಲಿರಲಿ.

ಕಷಾಯದ ಬಗ್ಗೆ ಹೇಳದಿದ್ದರೆ ಶಿರಸಿಯವರು ಬಿಡುವುದಿಲ್ಲ. ಬೇಲಿಯಲ್ಲಿ ಬೆಳೆಯುವ ಆಡುಸೋಗೆಯಲ್ಲಿ ವ್ಯಾಸಿಸಿನ್ ಅನ್ನುವ ಅಂಶ ಇದೆ. ಅಂಗಡಿಯ ಕೆಮ್ಮಿನ ಔಷಧದಲ್ಲಿರುವ ಬ್ರೋಮ್‌ಹೆಕ್ಸಿನ್ ಅದರ ಮಾದರಿಯಲ್ಲೇ ತಯಾರಾದದ್ದು. ಹಾಗಾಗಿ ಅಜ್ಜಿಯ ಕಷಾಯವನ್ನು ನಗುವ ಹಾಗಿಲ್ಲ. ಎರಡೂ ಕಫ ತೆಳು ಮಾಡುತ್ತವೆ. ಕಿರಿದಾದ ಶ್ವಾಸನಾಳವನ್ನು ಅಗಲ ಮಾಡುವ ಪಂಪಿಗೆ ಎರಡೂ ಬದಲಿಯಲ್ಲ.

ರಕ್ತದೊತ್ತಡ ಅಳೆಯಲು ಪಟ್ಟಿ ಇದೆ, ಸಕ್ಕರೆಗೆ ಬೆರಳು ಚುಚ್ಚುವ ಯಂತ್ರ ಇದೆ, ಎರಡೂ ಹಳ್ಳಿಯ ಉಪಕೇಂದ್ರದವರೆಗೆ ಬಂದಿವೆ. ಶ್ವಾಸಕೋಶ ಅಳೆಯುವ ಸ್ಪೈರೋಮೆಟ್ರಿ ಬಂದಿಲ್ಲ. ಜೋರಾಗಿ ಉಸಿರೆಳೆದು ಕೊಳವೆಯೊಳಗೆ ಪೂರ್ತಿ ಊದಬೇಕು, ಅಷ್ಟೇ. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತು ಅಂತ ಯಂತ್ರ ತೋರಿಸುತ್ತದೆ. ನಾಳ ಸಡಿಲಿಸುವ ಔಷಧ ಕೊಟ್ಟ ಮೇಲೂ ಅದು ಶೇ. 70ಕ್ಕಿಂತ ಕಡಿಮೆ ಬಂದರೆ ಸಿಒಪಿಡಿ ಅನ್ನಬಹುದು. ಔಷಧ ಕೊಟ್ಟಾಗ ಚೆನ್ನಾಗಿ ಏರಿದರೆ ಅಸ್ತಮಾದ ಕಡೆ ಬೆರಳು ತೋರಿಸುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವಷ್ಟು ಚಿಕ್ಕ ಯಂತ್ರಗಳಿವೆ. ಊದಿಸುವುದನ್ನು ಕಲಿತ ಒಬ್ಬ ಸಿಬ್ಬಂದಿ ಬೇಕು, ಅದು ಯಂತ್ರಕ್ಕಿಂತ ಮುಖ್ಯ.

ಜಿಲ್ಲೆಯಲ್ಲಿ ಆಸ್ಪತ್ರೆಯ ಕೂಗು ಹೊಸದಲ್ಲ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಸೂಪರ್ ಸ್ಪೆಷಾಲಿಟಿ ಬೇಕು ಅನ್ನುವ ಹೋರಾಟ ಜೋರಾಯಿತು. ನ್ಯಾಯವಾದ ಬೇಡಿಕೆ. ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಲಿಗೆ, ಶಿರಸಿಯವರು ಹುಬ್ಬಳ್ಳಿಗೆ ಓಡುವುದು ಎಷ್ಟು ದಿನ? ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ ಈ ಓಟ ನಿಂತಿಲ್ಲ. ಆದರೆ ಉಸಿರಿನ ಕಾಯಿಲೆಗೆ ಆ ದೊಡ್ಡ ಕಟ್ಟಡದವರೆಗೆ ಕಾಯಬೇಕಾಗಿಲ್ಲ. ಆಂಬುಲೆನ್ಸ್‌ನಲ್ಲಿ ಆಮ್ಲಜನಕ ಹಾಕಿಕೊಂಡು ಹೊರಡುವ ಎಷ್ಟೋ ರೋಗಿಗಳು ಹತ್ತು ವರ್ಷ ಮೊದಲು ತಾಲೂಕು ಆಸ್ಪತ್ರೆಯಲ್ಲಿ ಒಮ್ಮೆ ಊದಿದ್ದರೆ, ಪಂಪ್ ಹಿಡಿಯುವ ರೀತಿ ಕಲಿತಿದ್ದರೆ ಆ ಪ್ರಯಾಣವೇ ಬೇಕಾಗುತ್ತಿರಲಿಲ್ಲ. ಹೋರಾಟದ ಬೇಡಿಕೆ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಸಿಗಲಿ.

ಹಾಗಾದರೆ ಒಲೆಯನ್ನು ಏನು ಮಾಡುವುದು? ಸುಲಭದ ಉತ್ತರ ಇದೆ ಅಂತ ನಾನು ಹೇಳುವುದಿಲ್ಲ. ಭಾರತ ಸೇರಿ ನಾಲ್ಕು ದೇಶಗಳಲ್ಲಿ ಸಾವಿರಾರು ಗರ್ಭಿಣಿಯರ ಮನೆಗೆ ಉಚಿತ ಗ್ಯಾಸ್ ಕೊಟ್ಟು ನೋಡಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2022ರಿಂದ 2024ರ ನಡುವೆ ಬಂತು. ಮನೆಯ ಹೊಗೆ ಚೆನ್ನಾಗಿ ಇಳಿಯಿತು. ಮಗುವಿನ ತೂಕ ಏರಲಿಲ್ಲ, ತೀವ್ರ ನ್ಯುಮೋನಿಯಾವೂ ಲೆಕ್ಕಕ್ಕೆ ಸಿಗುವಷ್ಟು ಇಳಿಯಲಿಲ್ಲ. ಇದನ್ನು ಓದಿ ಕಟ್ಟಿಗೆಯೇ ವಾಸಿ ಅನ್ನುವವರಿದ್ದಾರೆ. ಆದರೆ ವರ್ಷ, ಎರಡು ವರ್ಷದ ಪ್ರಯೋಗದಿಂದ ಸಿಒಪಿಡಿಯಂಥ ನಿಧಾನದ ಕಾಯಿಲೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ದಕ್ಷಿಣ ಚೀನಾದ ಹಳ್ಳಿಗಳನ್ನು ನೋಡಬೇಕು. ಅಲ್ಲಿ ಕಟ್ಟಿಗೆ ಬಿಟ್ಟು ಗೋಬರ್ ಗ್ಯಾಸ್ ಹಾಕಿಸಿಕೊಂಡವರನ್ನು, ಅಡುಗೆಮನೆಯ ಗಾಳಿ ಸರಿ ಮಾಡಿಕೊಂಡವರನ್ನು ಒಂಬತ್ತು ವರ್ಷ ಗಮನಿಸಿದರು. 2014ರಲ್ಲಿ ಪ್ರಕಟವಾದ ಆ ವರದಿಯಂತೆ ಅವರ ಶ್ವಾಸಕೋಶದ ಇಳಿತ ನಿಧಾನವಾಯಿತು, ಸಿಒಪಿಡಿಯೂ ಕಡಿಮೆಯಾಯಿತು.

ಗೋಬರ್ ಗ್ಯಾಸ್ ಅಂದರೆ ಶಿರಸಿ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದನ ಇರುವ ತೋಟದ ಮನೆಗಳಲ್ಲಿ ಅದು ಮೊದಲಿಂದಲೂ ಇದೆ. ಈಗ ದನ ಕಡಿಮೆಯಾಗಿ ಎಷ್ಟೋ ಗುಂಡಿ ಪಾಳು ಬಿದ್ದಿವೆ. ಹೊಗೆ ಕೊಳವೆ ಇರುವ ಅಸ್ತ್ರ ಒಲೆಯೂ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ತಂದು ನಾಲ್ಕು ದಶಕವಾಯಿತು. ಅದು ಅಡುಗೆಮನೆಗೆ ಬಂತು, ಬಚ್ಚಲಿನ ಒಲೆ ಅಲ್ಲೇ ಉಳಿಯಿತು. ಬಚ್ಚಲಿಗೆ ಬೇಕಾದದ್ದೂ ಅಂಥದ್ದೇ. ಒಲೆಯ ಬಾಯಿ ಗೋಡೆಯ ಹೊರಗಿರಲಿ, ಹಂಡೆ ಒಳಗಿರಲಿ. ಹೊಗೆ ಕೊಳವೆ ಮಾಡಿನ ಹಂಚಿಗಿಂತ ಮೇಲೆ ಹೋಗಲಿ, ವರ್ಷಕ್ಕೊಮ್ಮೆ ಮಸಿ ತೆಗೆಯಿರಿ, ಇಲ್ಲದಿದ್ದರೆ ಹೊಗೆ ವಾಪಸ್ ಬರುತ್ತದೆ. ಸೋಲಾರ್ ಹಾಕಿಸಿದವರು ಬೇಸಿಗೆಯಲ್ಲಿ ಪಾರಾಗುತ್ತಾರೆ, ಆದರೆ ಒಲೆ ಜಾಸ್ತಿ ಉರಿಯುವ ಜುಲೈನಲ್ಲೇ ಬಿಸಿಲಿರುವುದಿಲ್ಲ.

ಪೇಟೆಯಲ್ಲಿ ಕಟ್ಟಿಗೆ ಬಿಟ್ಟವರು ಈಗ ಗ್ಯಾಸ್ ಗೀಸರ್ ಕಡೆ ಹೋಗುತ್ತಿದ್ದಾರೆ. ಅದನ್ನು ಸ್ನಾನದ ಕೋಣೆಯೊಳಗೇ ಕೂರಿಸಿ, ಚಳಿ ಅಂತ ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ. ಹೀಗೆ ಸ್ನಾನಕ್ಕೆ ಹೋದವರು ಹೊರಬರದ ಸುದ್ದಿ ಪ್ರತಿ ಚಳಿಗಾಲ ಎಲ್ಲೋ ಒಂದು ಕಡೆಯಿಂದ ಬರುತ್ತದೆ. ಗೀಸರ್, ಸಿಲಿಂಡರ್ ಎರಡನ್ನೂ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಪ್ಲಂಬರ್ ಒಳಗೇ ಸಾಕು ಅಂದರೆ ಒಪ್ಪಬೇಡಿ.